ಉಮ್ಮನ ಮಾತು ಉಮ್ಮನದೇ ಆಗಿರಲಿ

ಮಗ್ರಿಬ್ ನಮಾಝ್ ಮುಗಿಸಿ ಉಮ್ಮ ಚಾವಡಿಯಲ್ಲಿ ಬಂದು ಕೂರುತ್ತಾರೆ. ದುಬೈಯಲ್ಲಿರುವ ಮಗ ಕರೆ ಮಾಡುವ ಹೊತ್ತು. ಫೋನ್ ಸೊಸೆಯ ಕೈಯಲ್ಲಿದೆ. ಸೊಸೆ, ಮಕ್ಕಳು ಎಲ್ಲರೂ ಮಾತಾಡಿದ ಬಳಿಕ ಅದು ಉಮ್ಮನ ಕೈಗೆ ಬರುತ್ತದೆ. "ಹುಷಾರಿದ್ದೀರಾ ಉಮ್ಮಾ? ಮಾತ್ರೆ ತಗೊಂಡ್ರಾ?" "ಹೂಂ ಮಗಾ." ಅಷ್ಟೇ. ಸುತ್ತಲೂ ಎಲ್ಲರೂ ನಿಂತಿರುವಾಗ, ದಿನವಿಡೀ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು ಗಂಟಲಲ್ಲೇ ಉಳಿಯುತ್ತದೆ.

ಇಂತಹ ದೃಶ್ಯ ನಿಮ್ಮ ಮನೆಯಲ್ಲೂ ಇರಬಹುದಲ್ಲವೇ?

ನಮ್ಮ ಕರಾವಳಿಯ ಮನೆಗಳಿಗೆ ಅಗಲಿಕೆ ಹೊಸದೇನಲ್ಲ. ಒಂದು ಕಾಲದಲ್ಲಿ ಗಲ್ಫ್‌ನಿಂದ ಪತ್ರ ಬರಲು ವಾರಗಳೇ ಹಿಡಿಯುತ್ತಿದ್ದವು. ಕುರ್‌ಆನ್ ಓದಲು ಬಲ್ಲ ಎಷ್ಟೋ ತಾಯಂದಿರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕೂರಿಸಿ ಬರೆಸಬೇಕಿತ್ತು. ಅವನ ಮುಂದೆ ಮನಸ್ಸು ಬಿಚ್ಚುವುದಾದರೂ ಹೇಗೆ? ಬಳಿಕ ಕ್ಯಾಸೆಟ್‌ನಲ್ಲಿ ಧ್ವನಿ ತುಂಬಿಸಿ, ಹೋಗಿ ಬರುವವರ ಕೈಯಲ್ಲಿ ಕಳುಹಿಸುವ ರೂಢಿ ಬಂತು. ಆಮೇಲೆ ಎಸ್.ಟಿ.ಡಿ. ಬೂತ್. ಅಲ್ಲಿ ಕಣ್ಣೆಲ್ಲ ಮೀಟರಿನ ಮೇಲೆ!

2009ರಲ್ಲಿ ವಾಟ್ಸಾಪ್ ಬಂತು. 2016ರಲ್ಲಿ ಅದಕ್ಕೆ ವಿಡಿಯೋ ಕರೆ ಸೇರಿತು. ಅದೇ ವರ್ಷದಿಂದ ನಮ್ಮ ದೇಶದಲ್ಲಿ ಇಂಟರ್‌ನೆಟ್ ಅಗ್ಗವಾಯಿತು. ಓದು ಬರಹ ಬಾರದ ತಾಯಿಯೂ ಯಾರ ಹಂಗಿಲ್ಲದೆ ಮಗನೊಡನೆ ಮಾತಾಡುವ ಅವಕಾಶ ಈಗ ಸಿಕ್ಕಿದೆ. ಆದರೆ ಅವಳ ಕೈಯಲ್ಲಿ ಫೋನೇ ಇಲ್ಲದಿದ್ದರೆ ಪತ್ರ ಬರೆಸುತ್ತಿದ್ದ ಕಾಲಕ್ಕೂ ಇಂದಿಗೂ ಏನು ವ್ಯತ್ಯಾಸ?

ಕಲಿಸುವುದು ಹೇಗೆ?

"ಈ ವಯಸ್ಸಿನಲ್ಲಿ ನನಗ್ಯಾಕೆ?" ಎಂದು ಅವರು ಹೇಳಬಹುದು. ಅದು ಬೇಡವೆಂದಲ್ಲ, ತಪ್ಪಾದರೆ ನಗುತ್ತಾರೆಂಬ ಅಳುಕು. ಹಾಗಾಗಿ ಅವರ ಕೈಯಿಂದ ಫೋನ್ ಕಸಿದು ನೀವೇ ಒತ್ತಿ ತೋರಿಸಬೇಡಿ. ಅವರ ಬೆರಳೇ ಒತ್ತಲಿ.

ಮೊದಲು ಅಕ್ಷರದ ಗಾತ್ರ ದೊಡ್ಡದು ಮಾಡಿ. ಪ್ರತಿಯೊಬ್ಬರ ಹೆಸರಿನ ಜೊತೆ ಅವರ ಫೋಟೋ ಹಾಕಿ. ಹೆಸರು ಓದಲಾಗದವರೂ ಮುಖ ಗುರುತಿಸುತ್ತಾರೆ. ನಂತರ ವಾಯ್ಸ್ ಮೆಸೇಜ್ ಕಲಿಸಿ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದು, ಬೆರಳು ತೆಗೆದರೆ ಅದು ಹೋಗಿ ಮುಟ್ಟುತ್ತದೆ. ಹಳೆಯ ಕ್ಯಾಸೆಟ್ಟೇ ಇದು ಎಂದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ. ಯುಎಇಯಲ್ಲಿ ವಾಟ್ಸಾಪ್ ಕರೆಗಳಿಗೆ ನಿರ್ಬಂಧವಿದೆ. ಅಲ್ಲಿಗೆ ಮಾತಾಡಲು ಬೊಟಿಮ್‌ನಂತಹ ಅನುಮತಿ ಪಡೆದ ಆ್ಯಪ್ ಬೇಕು. ಇದನ್ನು ತಿಳಿಸದಿದ್ದರೆ ಮಗ ಕರೆ ಎತ್ತುತ್ತಿಲ್ಲವೆಂದು ಅವರು ನೊಂದುಕೊಂಡಾರು. ದಿನಕ್ಕೆ ಒಂದೇ ಪಾಠ ಸಾಕು. ಮರೆತರೆ ಬೇಸರಿಸದೆ ಮತ್ತೆ ಹೇಳಿ. ನಿಮಗೆ ಅಲಿಫ್, ಬಾ ಕಲಿಸಿದಾಗ ಅವರು ಎಷ್ಟು ಸಲ ಹೇಳಿದ್ದರೆಂದು ನೆನಪಿಸಿಕೊಳ್ಳಿ.

ಮಗ ಮಾತ್ರವಲ್ಲ

ಹಿರಿಯರಿಗೆ ಮಕ್ಕಳಷ್ಟೇ ಅಲ್ಲ, ಅವರದೇ ಪ್ರಾಯದವರೂ ಬೇಕು. ಮದುವೆಯಾಗಿ ದೂರದ ಊರು ಸೇರಿದ ತಂಗಿ, ಮದ್ರಸದಲ್ಲಿ ಜೊತೆಗೆ ಓದಿದ ಗೆಳತಿ, ಮೊಣಕಾಲು ನೋವಿನಿಂದ ಮನೆಯಿಂದ ಹೊರಬರಲಾಗದ ನಾದಿನಿ. ಇವರ ನಂಬರುಗಳನ್ನು ಹುಡುಕಿ ಸೇರಿಸಿ ಕೊಡಿ. ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುವ ತಾಯಿಗೆ ಅಂತಹ ಒಂದು ದನಿ ಎಷ್ಟು ದೊಡ್ಡ ಆಸರೆ!

ಎಚ್ಚರಿಕೆಯೂ ಇರಲಿ

ಒಟಿಪಿ ಯಾರಿಗೂ ಹೇಳಬಾರದು, ಗೊತ್ತಿಲ್ಲದವರು ಕಳಿಸಿದ ಲಿಂಕ್ ಒತ್ತಬಾರದು ಎಂದು ತಿಳಿಸಿ. ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರು ವಂಚಕರು. ಅಂತಹ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮುಖ್ಯವಾಗಿ, ಮೋಸ ಹೋದರೆ ಬೈಯುವುದಿಲ್ಲವೆಂಬ ಭರವಸೆ ಕೊಡಿ. ಬೈಗುಳದ ಹೆದರಿಕೆಯಿಂದಲೇ ಅವರು ವಿಷಯ ಮುಚ್ಚಿಡುವುದು.

ಕೊನೆಯದಾಗಿ ಒಂದು ಮಾತು. ಫೋನ್ ಕೊಟ್ಟರೆ ನಮ್ಮ ಹೊಣೆ ಮುಗಿಯಲಿಲ್ಲ. ಇಂಟರ್‌ನೆಟ್ ದೂರದಲ್ಲಿರುವವರನ್ನು ಹತ್ತಿರ ತರಲಿ. ಹತ್ತಿರದಲ್ಲಿರುವ ನಾವು ಮಾತ್ರ ನಮ್ಮ ಫೋನನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಅವರ ಪಕ್ಕದಲ್ಲಿ ಕೂರೋಣ. ಇಂದು ಸಂಜೆ ಉಮ್ಮನೇ ಮಗನಿಗೆ ಕರೆ ಮಾಡಲಿ. ಮೊದಲ ಸಲಾಮ್ ಅವರದಾಗಲಿ. ಮತ್ತೆ ನೀವು ಮೆಲ್ಲನೆ ಅಡುಗೆಮನೆಗೆ ನಡೆಯಿರಿ. ಅವರು ಮನಸ್ಸು ತುಂಬ ಮಾತಾಡಲಿ.