ಕಿರುಸಾಲದ ನಿಯಂತ್ರಣ: ರಘುರಾಮ್ ರಾಜನ್ ವಿಚಾರಗಳು ಮತ್ತು ನಮ್ಮ ಪೇಟೆ

2025ರ ಜನವರಿಯಲ್ಲಿ ಚಾಮರಾಜನಗರ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಒತ್ತಡವನ್ನು ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದ ಸುದ್ದಿ ನಾಡಿನಾದ್ಯಂತ ಚರ್ಚೆಗೆ ಒಳಗಾಯಿತು. ಹರವೆಯಂತಹ ಹೋಬಳಿ ಕೇಂದ್ರದ ವರ್ತಕನಿಗೆ ಇದು ಕೇವಲ ಕರುಣಾಜನಕ ವಾರ್ತೆಯಲ್ಲ. ಊರು ಬಿಟ್ಟವನ ಹೆಸರು ದಿನಸಿ ಅಂಗಡಿಯ ಉದ್ದರಿ ಪುಸ್ತಕದಲ್ಲಿಯೂ ಗೊಬ್ಬರದ ಅಂಗಡಿಯ ಲೆಕ್ಕದಲ್ಲಿಯೂ ಇರಬಹುದು. ಆದುದರಿಂದ ಹಣಕಾಸು ಮಾರುಕಟ್ಟೆಯ ನಿಯಂತ್ರಣವೆಂಬುದು ಮುಂಬಯಿಯ ಷೇರುಪೇಟೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನಾವು ಭಾವಿಸುವಂತಿಲ್ಲ.

ಅರ್ಥಶಾಸ್ತ್ರಜ್ಞ ರಘುರಾಮ್ ರಾಜನ್ ಅವರ ಎರಡು ವಿಚಾರಗಳು ಇಲ್ಲಿ ಗಮನಾರ್ಹವಾಗಿವೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದಾಗ, 2005ರ ಆಗಸ್ಟ್‌ನಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಒಂದು ಎಚ್ಚರಿಕೆ ನೀಡಿದರು. ಲಾಭ ತೋರಿಸಿದವನಿಗೆ ಇಂದೇ ಸಂಭಾವನೆ ದೊರೆತು, ನಾಳಿನ ನಷ್ಟದಲ್ಲಿ ಅವನಿಗೆ ತಕ್ಕ ಪಾಲು ಇಲ್ಲದಿದ್ದರೆ ಕಣ್ಣಿಗೆ ಕಾಣದ ಅಪಾಯ ಬೆಳೆಯುತ್ತದೆ ಎಂಬುದೇ ಅದರ ಸಾರ. ಅಂದು ಹಲವರು ಇದನ್ನು ಒಪ್ಪಲಿಲ್ಲ. 2008ರ ಜಾಗತಿಕ ಬಿಕ್ಕಟ್ಟು ಒಪ್ಪಿಸಿತು. ಎರಡನೆಯದು, ಯೋಜನಾ ಆಯೋಗಕ್ಕಾಗಿ 2008ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ನೀಡಿದ ಸಲಹೆ. ಸಣ್ಣ ಸಾಲಗಳ ಬಡ್ಡಿಗೆ ಮಿತಿ ಹೇರಿದರೆ ಸಂಸ್ಥೆಗಳು ಬಡವರಿಂದ ದೂರ ಸರಿಯುತ್ತವೆ. ಆದುದರಿಂದ ಬಡ್ಡಿಯನ್ನು ಮುಕ್ತಗೊಳಿಸಬೇಕೆಂದು ಸಮಿತಿ ಅಭಿಪ್ರಾಯಪಟ್ಟಿತು.

ನಮ್ಮ ದೇಶದ ನೀತಿ ಈ ಎರಡು ವಿಚಾರಗಳ ನಡುವೆ ತೂಗಾಡಿದೆ. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿದ ಬಳಿಕ ಅಲ್ಲಿ ಮರುಪಾವತಿ ಕುಸಿದು, ಹೊಸ ಸಾಲವೂ ಬತ್ತಿಹೋಯಿತು. ಲೆಕ್ಕಪರಿಶೋಧಕ ವೈ. ಎಚ್. ಮಾಲೇಗಾಂ ನೇತೃತ್ವದ ಸಮಿತಿಯ 2011ರ ವರದಿಯನ್ನು ಅನುಸರಿಸಿ ರಿಸರ್ವ್ ಬ್ಯಾಂಕು ಬಡ್ಡಿಗೂ, ಒಬ್ಬರಿಗೆ ಸಾಲ ನೀಡಬಹುದಾದ ಸಂಸ್ಥೆಗಳ ಸಂಖ್ಯೆಗೂ ಮಿತಿ ವಿಧಿಸಿತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಆ ಮಿತಿಗಳು ಹೋದವು. ಅವುಗಳ ಬದಲು, ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಅದರ ಆದಾಯದ ಶೇ. 50ನ್ನು ಮೀರಬಾರದೆಂಬ ನಿಯಮ ಬಂದಿತು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವುದನ್ನೂ ನಿಷೇಧಿಸಲಾಯಿತು.

ಹಾಗಿದ್ದರೂ ನಮ್ಮಲ್ಲಿ ಬೀಗ ಬಿದ್ದುದೇಕೆ? ಒಂದು ಸರಳ ಲೆಕ್ಕ ನೋಡೋಣ. 50,000 ರೂಪಾಯಿ ಸಾಲಕ್ಕೆ ಇಳಿಕೆ ಬಾಕಿಯ ಮೇಲೆ ಶೇ. 24ರ ಬಡ್ಡಿಯಾದರೆ 24 ತಿಂಗಳ ಕಂತು ಸುಮಾರು 2,644 ರೂಪಾಯಿ. ಬಡ್ಡಿಯನ್ನು ಶೇ. 22ಕ್ಕೆ ಇಳಿಸಿದರೆ ಉಳಿಯುವುದು ತಿಂಗಳಿಗೆ ಸುಮಾರು 50 ರೂಪಾಯಿ ಮಾತ್ರ. ಆದರೆ ಅಷ್ಟೇ ಮೊತ್ತದ ಇನ್ನೊಂದು ಸಾಲ ಸೇರಿದರೆ ಕಂತು 5,288ಕ್ಕೆ ಏರುತ್ತದೆ. ಕುಟುಂಬವನ್ನು ಮುಳುಗಿಸುವುದು ಬಡ್ಡಿಯ ದರಕ್ಕಿಂತ ಹೆಚ್ಚಾಗಿ ಸಾಲಗಳ ಸಂಖ್ಯೆ.

ಇದರೊಂದಿಗೆ ಬೆಳೆಯ ಕಾಲವೂ ಹೊಂದುವುದಿಲ್ಲ. ಅರಿಶಿನ ಕೈಗೆ ಬರಲು ಸುಮಾರು ಒಂಬತ್ತು ತಿಂಗಳು ಬೇಕು. ಬೇಯಿಸಿ, ಒಣಗಿಸಿ ಮಾರಿದ ಮೇಲಷ್ಟೇ ಹಣ. ಕಂತಾದರೋ ಮುಂದಿನ ತಿಂಗಳೇ ಆರಂಭ. ಒಂದರ ಕಂತಿಗೆ ಮತ್ತೊಂದು ಸಾಲ ಅನಿವಾರ್ಯವಾಗುವುದು ಹೀಗೆ. ಸಾಲ ಹಂಚಿದ ಲೆಕ್ಕಕ್ಕೆ ಪ್ರೋತ್ಸಾಹಧನ ಪಡೆಯುವ ನೌಕರನಿಗೆ ಆ ಮತ್ತೊಂದು ಸಾಲವನ್ನು ತಡೆಯುವ ಕಾರಣವೇ ಇರುವುದಿಲ್ಲ. 2005ರ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ.

ಕರ್ನಾಟಕ ಸರ್ಕಾರದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, 2025ರ ಫೆಬ್ರವರಿ 12ರಂದು ಅಂಗೀಕರಿಸಿದರು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವನ್ನು ಅದು ವಿಧಿಸಿತು. ದೌರ್ಜನ್ಯಕ್ಕೆ ಶಿಕ್ಷೆ ಅಗತ್ಯವೇ. ಆದರೆ ಶಿಕ್ಷೆ ಬರುವುದು ಸಾಲ ಮಿತಿಮೀರಿದ ನಂತರ. ಬಡ್ಡಿಯನ್ನು ಮುಕ್ತಗೊಳಿಸುವ ಸಲಹೆಯನ್ನು ಸ್ವೀಕರಿಸಿದ ವ್ಯವಸ್ಥೆ, ಸಂಭಾವನೆಯ ಕುರಿತ ಎಚ್ಚರಿಕೆಯನ್ನೂ ಜೊತೆಯಲ್ಲಿಯೇ ಸ್ವೀಕರಿಸಬೇಕಿತ್ತು. ನೌಕರನ ಪ್ರೋತ್ಸಾಹಧನ ಸಾಲದ ವಿತರಣೆಗಲ್ಲ, ಮತ್ತೊಂದು ಸಾಲವಿಲ್ಲದೆ ತೀರಿದ ಸಾಲಕ್ಕೆ ಸಲ್ಲಬೇಕು. ಜಿಲ್ಲೆಯ ಬ್ಯಾಂಕರುಗಳ ಮುಂದೆ ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಇಡುವುದು ಸೂಕ್ತ.

ವರ್ತಕ ಬಾಂಧವರ ಪಾಲೂ ಇದೆ. ನಮ್ಮ ಉದ್ದರಿ ಯಾವ ಸಾಲ ಮಾಹಿತಿ ಸಂಸ್ಥೆಯ ದಾಖಲೆಯಲ್ಲಿಯೂ ಕಾಣುವುದಿಲ್ಲ, ಅದು ಶೇ. 50ರ ಲೆಕ್ಕದ ಹೊರಗೇ ಉಳಿಯುತ್ತದೆ. ಗಿರಾಕಿಗೆ ಹೊಸ ಉದ್ದರಿ ಬರೆಯುವ ಮುನ್ನ ಅವನು ತಿಂಗಳಿಗೆ ಕಟ್ಟುವ ಕಂತೆಷ್ಟೆಂದು ವಿಚಾರಿಸುವುದು, ವಾಯಿದೆಯನ್ನು ಸುಗ್ಗಿಗೆ ಹೊಂದಿಸುವುದು ನಮ್ಮ ಬಂಡವಾಳಕ್ಕೂ ಅವನ ಸಂಸಾರಕ್ಕೂ ಕ್ಷೇಮಕರ.