ನಿಮಗಿದು ಗೊತ್ತೇ? ಇಂಟರ್ನೆಟ್ ಕಂಪನಿಗಳ ಕೊಡುಕೊಳ್ಳುವ ಲೆಕ್ಕ

● ಇಂಟರ್ನೆಟ್‌ಗೆ ಯಜಮಾನನಿಲ್ಲ. 70 ಸಾವಿರಕ್ಕೂ ಹೆಚ್ಚು ಬಿಡಿ ಜಾಲಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಜೋಡಿಸಿಕೊಂಡ ವ್ಯವಸ್ಥೆಯಿದು.

● ಸರಿಸಮಾನ ಕಂಪನಿಗಳಾದರೆ ಹಣದ ಮಾತೇ ಇಲ್ಲ. ನಿನ್ನ ಡೇಟಾ ನಾನು ನನ್ನ ಗ್ರಾಹಕರಿಗೆ ಮುಟ್ಟಿಸುತ್ತೇನೆ, ನನ್ನದನ್ನು ನೀನು ಮುಟ್ಟಿಸು. ಥೇಟ್ ನಮ್ಮ ಹೊಲಗಳ ಮುಯ್ಯಾಳು! ಇದಕ್ಕೆ ‘ಪಿಯರಿಂಗ್’ ಎನ್ನುತ್ತಾರೆ. ದೊಡ್ಡವರ ಜಾಲದ ಮೂಲಕ ಇಡೀ ಜಗತ್ತು ತಲುಪಬೇಕೆನ್ನುವ ಸಣ್ಣ ಕಂಪನಿ ಮಾತ್ರ ‘ಟ್ರಾನ್ಸಿಟ್’ ಬಾಡಿಗೆ ಕಟ್ಟಬೇಕು.

● ಆ ಬಾಡಿಗೆಯ ಲೆಕ್ಕ ಬಲು ವಿಚಿತ್ರ. ಐದೈದು ನಿಮಿಷಕ್ಕೊಮ್ಮೆ ಡೇಟಾ ವೇಗ ಅಳೆದು, ತಿಂಗಳ ಕೊನೆಗೆ ಅತಿ ಹೆಚ್ಚಿನ ಶೇ 5ರಷ್ಟು ಅಳತೆಗಳನ್ನು ಕೈಬಿಟ್ಟು, ಉಳಿದವುಗಳಲ್ಲಿ ಗರಿಷ್ಠವಾದದ್ದಕ್ಕೆ ಬಿಲ್ ಹಾಕುವುದು ರೂಢಿ. ಅಂದರೆ ತಿಂಗಳಿಗೆ ಸುಮಾರು 36 ಗಂಟೆಗಳ ನೂಕುನುಗ್ಗಲು ಪುಕ್ಕಟೆ!

● ಪಿಯರಿಂಗ್‌ಗೆ ಕರಾರು ಪತ್ರ? ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಸಂಸ್ಥೆ 2016ರಲ್ಲಿ 19 ಲಕ್ಷಕ್ಕೂ ಹೆಚ್ಚು ಒಪ್ಪಂದಗಳನ್ನು ಪರಿಶೀಲಿಸಿತು. ಶೇ 99.93ರಷ್ಟಕ್ಕೆ ಬರಹರೂಪದ ಕರಾರೇ ಇರಲಿಲ್ಲ. ಬರೀ ಬಾಯಿಮಾತು. ಮನೆ ಬಾಡಿಗೆಗೂ ಸ್ಟಾಂಪ್ ಪೇಪರ್ ಕೇಳುವ ನಮಗೆ ನಂಬುವುದು ಕಷ್ಟವೇ.

● ಬಾಯಿಮಾತು ಕೂಡಿಬರದಿದ್ದರೆ? 2009ರಲ್ಲಿ ಹರಿಕೇನ್ ಎಲೆಕ್ಟ್ರಿಕ್ ಕಂಪನಿ, ‘ದಯವಿಟ್ಟು ನಮ್ಮೊಂದಿಗೆ ಪಿಯರಿಂಗ್ ಮಾಡಿ’ ಎಂದು ಬರೆಸಿದ ದೊಡ್ಡ ಕೇಕನ್ನು ಎದುರಾಳಿ ಕೊಜೆಂಟ್‌ಗಾಗಿ ಮಾಡಿಸಿತು. ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಜೋಡಣೆಯ ಜಗಳವದು. ಕೊಜೆಂಟ್ ಕರಗಲಿಲ್ಲ.

● ಒಂದು ಕಾಲಕ್ಕೆ ಬೆಂಗಳೂರಿನ ಒಂದೇ ಬೀದಿಯ ಇಬ್ಬರು ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆದಿದ್ದರೆ, ಅವರ ನಡುವಿನ ಇಮೇಲ್ ಅಮೆರಿಕ ಸುತ್ತಿ ಬರುವುದೂ ಇತ್ತು. ಹೋಗುವ, ಬರುವ ಎರಡೂ ದಾರಿಗೆ ಡಾಲರ್ ಖರ್ಚು. ಇದನ್ನು ತಪ್ಪಿಸಲೆಂದೇ 2003ರಲ್ಲಿ ‘ನಿಕ್ಸಿ’ (ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ) ಹುಟ್ಟಿತು. ದೇಶದ ಡೇಟಾ ದೇಶದೊಳಗೇ ಕೈಬದಲಾಗಲಿ ಎಂಬುದು ಉದ್ದೇಶ. ಅಲ್ಲಿನ ಆರಂಭದ ನಿಯಮ: ಡೇಟಾ ತರಿಸಿಕೊಂಡವನೇ ಕಾಸು ಕೊಡಬೇಕು.

● ದಕ್ಷಿಣ ಕೊರಿಯಾದ್ದು ತದ್ವಿರುದ್ಧ. ಅಲ್ಲಿ ಕಳಿಸಿದ ಜಾಲವೇ ತೆರಬೇಕೆಂಬ ನಿಯಮ 2016ರಲ್ಲಿ ಬಂತು. ವಿಡಿಯೊ ಪ್ರಸಾರದವರಿಗೆ ಬಿಸಿ ತಟ್ಟಿತು. ಬೇರೆ ಬಹುತೇಕ ದೇಶಗಳಿಗಿಂತ ಕೊರಿಯಾದಲ್ಲಿ ಜಾಲಶುಲ್ಕ ಹತ್ತು ಪಟ್ಟು ಹೆಚ್ಚು ಎಂದು ದೂರಿದ ವಿಡಿಯೊ ನೇರಪ್ರಸಾರ ತಾಣ ‘ಟ್ವಿಚ್’, 2024ರ ಫೆಬ್ರುವರಿಯಲ್ಲಿ ಅಂಗಡಿ ಮುಚ್ಚಿ ಹೊರಟಿತು.

● ನೆಟ್‌ಫ್ಲಿಕ್ಸ್ ಹಿಡಿದದ್ದು ಇನ್ನೊಂದು ದಾರಿ. ಸಿನಿಮಾಗಳನ್ನು ತುಂಬಿದ ಸರ್ವರ್ ಪೆಟ್ಟಿಗೆಗಳನ್ನು ಅರ್ಹ ಇಂಟರ್ನೆಟ್ ಕಂಪನಿಗಳಿಗೆ ಉಚಿತವಾಗಿ ಕೊಡುತ್ತದೆ. ಜಾಗ ಮತ್ತು ಕರೆಂಟ್ ಬಿಲ್ ಮಾತ್ರ ಆ ಕಂಪನಿಯದು!