ಮಿಂಚು, ಗುಡುಗು, ಸಿಡಿಲು

ಏಪ್ರಿಲ್ ಕಳೆದು ಮೇ ಬರುವ ವೇಳೆಗೆ ನಮ್ಮ ಬಯಲುಸೀಮೆಯ ನೆಲವು ಕಾದ ಕಾವಲಿಯಂತಾಗಿರುವುದು. ಬೆಳಗಿನಿಂದ ಎಲೆಯಲುಗದ ಸೆಕೆ. ಮಧ್ಯಾಹ್ನ ಮೂರರ ಸುಮಾರಿಗೆ ದಿಗಂತದಲ್ಲಿ ಹೂಕೋಸಿನಾಕಾರದ ಬಿಳಿಯ ಮೋಡವೊಂದು ತಲೆಯೆತ್ತಿ, ನೋಡನೋಡುತ್ತಿದ್ದಂತೆ ಬೆಟ್ಟದಂತೆ ಬೆಳೆಯುವುದು. ಅದರ ಬುಡ ಕಪ್ಪಾಗುವುದು. ಭರಣಿ ಮಳೆಗಾಗಿ ಕಾದಿದ್ದ ರೈತನಿಗೆ ಇದಕ್ಕಿಂತ ಸುಂದರವಾದ ನೋಟ ಬೇರೊಂದಿಲ್ಲ. ದಪ್ಪ ಹನಿಗಳು ಬೀಳತೊಡಗಿದೊಡನೆ ಹೊಲದಲ್ಲಿದ್ದವರು ಬದುವಿನ ಮೇಲಿನ ಬೇವಿನ ಮರದಡಿಗೆ ಓಡುವರು. ಮಳೆಯಿಂದ ತಪ್ಪಿಸಿಕೊಳ್ಳಲು ಆ ಆಸರೆ ಸಾಕು. ಆದರೆ ಸಿಡಿಲಿನ ಮಟ್ಟಿಗೆ ಅದಕ್ಕಿಂತ ಕೆಟ್ಟ ಸ್ಥಳವಿಲ್ಲ. ಭಾರತದಲ್ಲಿ ವರ್ಷವೊಂದಕ್ಕೆ 2,000ಕ್ಕೂ ಹೆಚ್ಚು ಜನರು ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಬಯಲಿನಲ್ಲಿ ದುಡಿಯುತ್ತಿದ್ದವರು, ಮರದಡಿಯಲ್ಲಿ ನಿಂತವರು ಅವರಲ್ಲಿ ಬಹುಮಂದಿ.

ಮಿಂಚು, ಗುಡುಗು, ಸಿಡಿಲು ಎಂದು ನಾವು ಮೂರು ಹೆಸರುಗಳಿಂದ ಕರೆಯುವುದು ಒಂದೇ ಘಟನೆಯನ್ನು. ಅದರ ಬೆಳಕು ಮಿಂಚು, ಶಬ್ದ ಗುಡುಗು, ನೆಲಕ್ಕಿಳಿದ ಹೊಡೆತ ಸಿಡಿಲು. ಆ ಘಟನೆ ಯಾವುದು?

ಗುಡುಗಿನ ಮೋಡದ ನೆತ್ತಿಯು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರವನ್ನು ಮುಟ್ಟುವುದುಂಟು. ಅಲ್ಲಿ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ. ಮೇಲೇರುವ ಗಾಳಿಯು ಹಗುರವಾದ ಹಿಮದ ಹರಳುಗಳನ್ನು ಹೊತ್ತೊಯ್ಯುವುದು. ಭಾರವಾದ ಹಿಮದುಂಡೆಗಳು ಕೆಳಗಿಳಿಯುವುವು. ಇವೆರಡೂ ಒಂದಕ್ಕೊಂದು ತಾಕಿದಾಗ ವಿದ್ಯುದಾವೇಶವು ಬೇರ್ಪಡುವುದು. ಒಣಗೂದಲನ್ನು ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ನೋಡಿರುವಿರಷ್ಟೆ. ಅಲ್ಲಿಯೂ ಆವೇಶವು ಹೀಗೆಯೇ ಬೇರ್ಪಟ್ಟಿರುತ್ತದೆ. ಧನ ಆವೇಶವು ಮೋಡದ ನೆತ್ತಿಯನ್ನೂ ಋಣ ಆವೇಶವು ಅದರ ಕೆಳಭಾಗವನ್ನೂ ಸೇರುವುದು. ಮೋಡದ ಬುಡದ ಈ ಋಣ ಆವೇಶವು ತನ್ನ ಕೆಳಗಿನ ನೆಲದಲ್ಲಿ ಧನ ಆವೇಶವನ್ನು ಪ್ರೇರಿಸುವುದು.

ಗಾಳಿಯು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದು. ಆವೇಶವು ಮಿತಿಮೀರಿದಾಗ ಮೋಡದಿಂದ ಒಂದು ಎಳೆಯು ಸುಮಾರು 50 ಮೀಟರಿನ ಹೆಜ್ಜೆಗಳನ್ನಿಡುತ್ತ, ಕವಲೊಡೆಯುತ್ತ ಕೆಳಗಿಳಿಯುವುದು. ಅದು ನೆಲವನ್ನು ಸಮೀಪಿಸಿದಂತೆ ಮರ, ಗೋಪುರ, ಬಯಲಿನಲ್ಲಿ ನಿಂತ ಮನುಷ್ಯ, ಹೀಗೆ ಎತ್ತರವಾದವುಗಳಿಂದ ಮತ್ತೊಂದು ಎಳೆಯು ಮೇಲಕ್ಕೆ ಚಿಮ್ಮುವುದು. ಎರಡೂ ಕೂಡಿದ ಕ್ಷಣದಲ್ಲಿ ದಾರಿ ತೆರೆಯಿತು! ಆಗ ಹರಿಯುವ ವಿದ್ಯುತ್ಪ್ರವಾಹ ಸುಮಾರು 30,000 ಆಂಪೇರ್. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೆ ನಾಲ್ಕೈದು ಆಂಪೇರ್ ಸಾಕು. ಆ ದಾರಿಯ ಗಾಳಿಯು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯಾಗಿ, ಸಿಡಿದು ಹಿಗ್ಗುವುದು. ಆ ಸಿಡಿತವೇ ಗುಡುಗು.

ಮೋಡದಲ್ಲಿ ವಿದ್ಯುತ್ತಿದೆಯೆಂದು 1752ರಲ್ಲಿ ಫ್ರಾಂಕ್ಲಿನನು ಸೂಚಿಸಿದ ಪ್ರಯೋಗದಿಂದ ಸಿದ್ಧವಾಯಿತು. ಮರುವರ್ಷವೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಥದೇ ಪ್ರಯೋಗದಲ್ಲಿ ತೊಡಗಿದ್ದ ರಿಕ್‌ಮನ್ ಎಂಬ ವಿಜ್ಞಾನಿಯು ಸಿಡಿಲಿಗೆ ಪ್ರಾಣ ತೆತ್ತನು. ಬಲ್ಲವರಿಗೂ ಅದು ರಿಯಾಯಿತಿ ತೋರದು.

ಈಗ ಮರದ ವಿಷಯ. ಮರದ ಕಾಂಡಕ್ಕಿಂತ ಮನುಷ್ಯನ ದೇಹದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದು. ಆದುದರಿಂದ ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವನ ಮೇಲೆ ಹಾರಬಲ್ಲುದು. ಉಳಿದುದು ಬೇರಿನ ಸುತ್ತಲಿನ ನೆಲದಲ್ಲಿ ಹರಡುವುದು. ಅಗಲಿಸಿ ಊರಿದ ಎರಡು ಕಾಲುಗಳ ನಡುವೆ ಆಗ ದೊಡ್ಡ ವಿಭವಾಂತರವುಂಟಾಗಿ, ಪ್ರವಾಹವು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವುದು. ದನಗಳ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚು. ಅವುಗಳ ನಡುವೆ ಹೃದಯವಿದೆ. ಒಂದೇ ಹೊಡೆತಕ್ಕೆ ಹಲವು ದನಗಳು ಸಾಯುವುದು ಇದರಿಂದಲೇ.

ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳುವುದು ನಮ್ಮ ಹಿರಿಯರ ವಾಡಿಕೆ. ಅದರ ಜೊತೆಗೆ ನಾವು ಇನ್ನೊಂದನ್ನು ರೂಢಿಸಿಕೊಳ್ಳೋಣ: ಮಿಂಚು ಕಂಡೊಡನೆ ಸೆಕೆಂಡುಗಳನ್ನು ಎಣಿಸುವುದು. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮುಂದಿನದು ನಿಮ್ಮ ತಲೆಯ ಮೇಲೆಯೇ ಇರಬಹುದು. ಮಳೆಹನಿಗಾಗಿ ಕಾಯದೆ ಗಟ್ಟಿಯಾದ ಕಟ್ಟಡವನ್ನು ಸೇರಿರಿ. ಕಿಟಕಿ ಮುಚ್ಚಿದ ಕಾರು, ಬಸ್ಸುಗಳೂ ಕ್ಷೇಮ. ಕಾಪಾಡುವುದು ಅವುಗಳ ರಬ್ಬರ್ ಚಕ್ರವಲ್ಲ, ಲೋಹದ ಮೈ. ಗೋಡೆಯಿಲ್ಲದ ಗುಡಿಸಲು ಆಸರೆಯಲ್ಲ. ಮನೆಯೊಳಗೆ ನಲ್ಲಿಯನ್ನೂ ತಂತಿ ಜೋಡಿಸಿದ ಉಪಕರಣಗಳನ್ನೂ ಮುಟ್ಟಬೇಡಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರಿ.

ಬಯಲಿನಲ್ಲಿ ಯಾವ ಆಸರೆಯೂ ಸಿಗದಿದ್ದರೆ ಒಂಟಿಮರ, ಕಂಬ, ತಂತಿಬೇಲಿ, ಕೆರೆಗಳಿಂದ ದೂರ ಸರಿಯಿರಿ. ಗುದ್ದಲಿಯನ್ನು ಕೆಳಗಿಟ್ಟು, ಒಬ್ಬರಿಂದೊಬ್ಬರು ದೂರವಾಗಿ, ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಿರಿ. ನೆಲದ ಮೇಲೆ ಮಲಗಕೂಡದು. ಇದು ಅಪಾಯವನ್ನು ತಗ್ಗಿಸುವುದೇ ಹೊರತು ನೀಗಿಸದು.

ಸಿಡಿಲು ಬಡಿದವನ ದೇಹದಲ್ಲಿ ವಿದ್ಯುತ್ತು ಉಳಿದಿರದು. ಅವನನ್ನು ಮುಟ್ಟಲು ಅಂಜಿ ಪ್ರಾಣ ಹೋಗಗೊಡಬಾರದು. ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನು ಒತ್ತಿ ಉಸಿರು ಕೊಡಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಆದರೆ ಎಚ್ಚರಿಕೆ ಬಂದಾಗ ಓಡಿಹೋಗಲು ಒಂದು ಸ್ಥಳ ಬೇಕಷ್ಟೆ. ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳು ಮನೆಯವರೊಡನೆ ಹೊಲದಲ್ಲಿ ನಿಂತು, ಅಲ್ಲಿಂದ ಅತ್ಯಂತ ಹತ್ತಿರದ ಗಟ್ಟಿ ಕಟ್ಟಡ ಯಾವುದು, ಅಲ್ಲಿಗೆ ಎಷ್ಟು ನಿಮಿಷದ ನಡಿಗೆ ಎಂಬುದನ್ನು ಮೋಡವಿಲ್ಲದ ದಿನವೇ ಗೊತ್ತುಮಾಡಿಕೊಳ್ಳಲಿ. ಓದಿದುದರ ಪ್ರಯೋಜನಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ.